ತಪ್ಪೊಪ್ಪಿಗೆಯ ಕಾವ್ಯ

ಕವಿಯ ನುಡಿಗೂ ಕವಿಯ ನಡೆಗೂ ಇರುವ ಸಂಬಂಧವೇನೆಂಬ ಪ್ರಶ್ನೆಯು ಹೊಸದಲ್ಲ. ಕನ್ನಡಿಗರಿಗಂತೂ ಇದು ಮನೆಯ ಮಾತು. ನುಡಿದಂತೆ ನಡೆಯಬೇಕೆಂಬ ನಿಷ್ಠುರವಾದ ಅಳತೆಗೋಲನ್ನು ಹನ್ನೆರಡನೆಯ ಶತಮಾನದ ಶರಣರು ನಮ್ಮ ಕೈಗಿತ್ತು ಹೋಗಿದ್ದಾರೆ. ಆದರೆ ನಮ್ಮ ಕಾವ್ಯಮೀಮಾಂಸೆಯು ಇನ್ನೊಂದು ಅಳತೆಗೋಲನ್ನೂ ಕೊಟ್ಟಿದೆ. ಕಾವ್ಯವನ್ನು ಕಾವ್ಯವೆಂದೇ ನೋಡಬೇಕು, ಅದರಲ್ಲಿ ರಸವುಂಟೋ ಇಲ್ಲವೋ ಎಂದು ಕೇಳಬೇಕು, ಕವಿಯ ಮನೆಯ ಕಿಟಕಿಯಲ್ಲಿ ಇಣುಕುವುದು ಸಹೃದಯನಿಗೆ ತಕ್ಕುದಲ್ಲ ಎಂಬುದು ಅದರ ಅಭಿಪ್ರಾಯ. ಈ ಎರಡು ಕೋಲುಗಳನ್ನೂ ಒಟ್ಟಿಗೆ ಹಿಡಿದು ಅಳೆಯುವುದು ಸುಲಭವಲ್ಲ. ಒಂದನ್ನು ಬಿಗಿಯಾಗಿ ಹಿಡಿದರೆ ಮತ್ತೊಂದು ಕೈಜಾರುತ್ತದೆ.

ಈ ಹಳೆಯ ಪ್ರಶ್ನೆಯು ಈಚಿನ ವರ್ಷಗಳಲ್ಲಿ ಅತ್ಯಂತ ತೀವ್ರವಾಗಿ ಚರ್ಚೆಗೆ ಬಂದಿರುವುದು ವಿದ್ವತ್ಸಭೆಗಳಲ್ಲಲ್ಲ, ಅಮೆರಿಕಾ ದೇಶದ ಹಿಪ್‌ಹಾಪ್ ಸಂಗೀತದ ಅಭಿಮಾನಿಗಳ ನಡುವೆ. ಕೆಂಡ್ರಿಕ್ ಲಮಾರನು ೨೦೨೨ನೆಯ ಮೇ ೧೩ರಂದು ಹೊರತಂದ ‘ಮಿಸ್ಟರ್ ಮೊರಾಲ್ ಅಂಡ್ ದಿ ಬಿಗ್ ಸ್ಟೆಪ್ಪರ್ಸ್’ ಎಂಬ ಆಲ್ಬಂ ಆ ಚರ್ಚೆಗೆ ದೊಡ್ಡದೊಂದು ನಿಮಿತ್ತವಾಯಿತು. ದೂರದೇಶದ ಯುವಜನರ ಗದ್ದಲವೆಂದು ಇದನ್ನು ತಳ್ಳಿಹಾಕುವುದು ಉಚಿತವಲ್ಲ. ನಮ್ಮ ಮನೆಗಳ ಮಕ್ಕಳು ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಕೇಳುವ ಹಾಡುಗಳಲ್ಲಿ ಇವೂ ಸೇರಿವೆ. ಬೆಂಗಳೂರಿನ ತರುಣರು ಇದೇ ರೀತಿಯಲ್ಲಿ ಕನ್ನಡದ ಪದ್ಯಗಳನ್ನೂ ಕಟ್ಟತೊಡಗಿ ಹಲವು ವರ್ಷಗಳಾದುವು. ಹೀಗಿರಲು, ಆ ಗೀತಸಂಪುಟದ ಗುಣದೋಷಗಳನ್ನೂ ಅದರ ಸುತ್ತ ನಡೆದ ವಾದವನ್ನೂ ನಮ್ಮ ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದು.

ಈ ಕಲೆಯ ಪರಿಚಯವಿಲ್ಲದವರಿಗಾಗಿ ಮೊದಲು ಎರಡು ಮಾತು. ೧೯೭೩ನೆಯ ಆಗಸ್ಟ್ ೧೧ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ವಸತಿಗೃಹವೊಂದರಲ್ಲಿ ಕೂಲ್ ಹರ್ಕ್ ಎಂಬ ತರುಣನು ಧ್ವನಿತಟ್ಟೆಗಳನ್ನು ನುಡಿಸಿ ನಡೆಸಿದ ಸಂತೋಷಕೂಟವೇ ಹಿಪ್‌ಹಾಪಿನ ಹುಟ್ಟೆಂದು ರೂಢಿಯಾಗಿ ಹೇಳುತ್ತಾರೆ. ಅದರ ನುಡಿಗಾರಿಕೆಯೇ ರ್ಯಾಪ್. ರಾಗವನ್ನೆಳೆದು ಹಾಡುವ ಬದಲು ತಾಳದ ಮೇಲೆ ಪ್ರಾಸಬದ್ಧವಾದ ಮಾತನ್ನು ಓಡಿಸುವುದು ಇದರ ಕ್ರಮ. ರಗಳೆಯ ಓಟವನ್ನು ಬಲ್ಲ ಕನ್ನಡಿಗನಿಗೆ ಇದರ ಚೆಲುವು ತಿಳಿಯುವುದು ಕಷ್ಟವಲ್ಲ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಮತ್ತು ಅವನ ಸಂಗಡಿಗರ ಹೆಸರಿನಲ್ಲಿ ೧೯೮೨ರಲ್ಲಿ ಹೊರಬಂದ ‘ದಿ ಮೆಸೇಜ್’ ಎಂಬ ಹಾಡಿನಿಂದೀಚೆಗೆ, ಬಡ ಕೇರಿಗಳ ಬದುಕನ್ನು ಕಂಡಂತೆ ಹೇಳುವುದು ಈ ಕಲೆಯ ಒಂದು ಮುಖ್ಯ ಹೆಮ್ಮೆಯಾಗಿದೆ. ‘ನಾನು ಹೇಳುವುದು ನಿಜ, ನಾನು ಬದುಕಿದ್ದನ್ನೇ ಹೇಳುತ್ತಿದ್ದೇನೆ’ ಎಂಬುದು ರ್ಯಾಪ್ ಕವಿಯು ತನ್ನ ಕಾವ್ಯಕ್ಕೆ ಒತ್ತುವ ಮುದ್ರೆ. ಮುಂದಿನ ವಿಚಾರಕ್ಕೆ ಈ ಮುದ್ರೆಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅವಶ್ಯಕ.

ಲಮಾರನು ಹುಟ್ಟಿದ್ದು ೧೯೮೭ರಲ್ಲಿ, ಕ್ಯಾಲಿಫೋರ್ನಿಯಾದ ಕಾಂಪ್ಟನ್ ಎಂಬ ಊರಿನಲ್ಲಿ. ಪುಂಡರ ತಂಡಗಳ ಕಾದಾಟಕ್ಕೆ ಹೆಸರಾದ ಊರದು. ೨೦೧೫ರಲ್ಲಿ ಬಂದ ಈತನ ‘ಆಲ್‌ರೈಟ್’ ಎಂಬ ಹಾಡನ್ನು ಪೋಲೀಸರ ದಬ್ಬಾಳಿಕೆಯ ವಿರುದ್ಧ ಬೀದಿಗಿಳಿದ ಕಪ್ಪು ಜನರು ಘೋಷದಂತೆ ಕೂಗಿದರು. ೨೦೧೭ರ ‘ಡ್ಯಾಮ್’ ಎಂಬ ಸಂಪುಟಕ್ಕೆ ಮರುವರ್ಷ ಪುಲಿಟ್ಸರ್ ಸಂಗೀತ ಪಾರಿತೋಷಕವು ದೊರೆಯಿತು. ಶಾಸ್ತ್ರೀಯ ಸಂಗೀತಕ್ಕೂ ಜಾಸ್ ಸಂಗೀತಕ್ಕೂ ಹೊರತಾದ ಕೃತಿಯೊಂದಕ್ಕೆ ಆ ಮನ್ನಣೆಯು ಸಂದದ್ದು ಅದೇ ಮೊದಲು. ಹೀಗೆ ಜನರು ಈತನನ್ನು ಗಾಯಕನೆಂದು ಮಾತ್ರವಲ್ಲದೆ ಗುರುವೆಂದೂ ಕಾಣತೊಡಗಿದ ಮೇಲೆ, ಐದು ವರ್ಷಗಳ ಮೌನವನ್ನು ಮುರಿದು, ಒಂಬತ್ತೊಂಬತ್ತು ಹಾಡುಗಳ ಎರಡು ಭಾಗವಾಗಿ ಈ ಸಂಪುಟವು ಹೊರಬಂದಿತು.

ಸಂಪುಟದ ಮುಖಚಿತ್ರವೇ ಒಂದು ಒಗಟು. ಕವಿಯು ತಲೆಗೆ ಮುಳ್ಳಿನ ಕಿರೀಟವನ್ನು ಧರಿಸಿ ಮಗುವನ್ನೆತ್ತಿಕೊಂಡು ನಿಂತಿದ್ದಾನೆ. ಸೊಂಟದಲ್ಲಿ ಪಿಸ್ತೂಲು ಕಾಣುತ್ತದೆ. ಹಿಂದೆ ಹಾಸಿಗೆಯ ಮೇಲೆ ಸಂಗಾತಿಯು ಎಳೆಗೂಸಿಗೆ ಮೊಲೆಯೂಡುತ್ತಿದ್ದಾಳೆ. ಕ್ರಿಸ್ತನ ಕಿರೀಟವನ್ನು ಹೀಗೆ ತೊಟ್ಟವನೇ ಒಳಗೆ ‘ಸೇವಿಯರ್’ ಎಂಬ ಹಾಡಿನಲ್ಲಿ, ನಾನು ನಿಮ್ಮ ಉದ್ಧಾರಕನಲ್ಲ ಎಂದು ಸಾರುತ್ತಾನೆ. ತಂದೆಯ ಬಿರುಸು, ತನ್ನ ಪರಸ್ತ್ರೀವ್ಯಸನ, ಹಣ ಬಂದೊಡನೆ ಹುಟ್ಟಿದ ಮರುಳು, ತಾಯಿಯ ಮೇಲೆ ನಡೆದ ಅತ್ಯಾಚಾರ, ಇವೆಲ್ಲವನ್ನೂ ಚಿಕಿತ್ಸಕರ ಮುಂದೆ ಕುಳಿತವನಂತೆ ಒಂದೊಂದಾಗಿ ಹೊರಗಿಡುತ್ತಾನೆ. ಒಟ್ಟಿನಲ್ಲಿ ಇದೊಂದು ತಪ್ಪೊಪ್ಪಿಗೆಯ ಕಾವ್ಯ.

ಕೃತಿಯು ಹೊರಬಂದೊಡನೆ ಅಭಿಮಾನಿಗಳಲ್ಲಿ ಮೂರು ಪಂಗಡಗಳಾದುವು. ಹಾಡು ಬೇರೆ, ಹಾಡಿದವನು ಬೇರೆ, ಹಾಡು ಚೆನ್ನಾಗಿದ್ದರೆ ಸಾಕು ಎಂದವರು ಮೊದಲನೆಯವರು. ತಾನೇ ಕೆಸರಿನಲ್ಲಿ ನಿಂತವನಿಗೆ ಲೋಕಕ್ಕೆ ನೀತಿ ಹೇಳುವ ಅಧಿಕಾರವೆಲ್ಲಿಯದು ಎಂದವರು ಎರಡನೆಯವರು. ನಾನು ಉದ್ಧಾರಕನಲ್ಲವೆಂದು ಅವನೇ ಒಪ್ಪಿಕೊಂಡ ಮೇಲೆ ನಾವು ಕೇಳುವುದಕ್ಕೆ ಉಳಿದುದೇನು ಎಂದವರು ಮೂರನೆಯವರು.

ಮೊದಲನೆಯ ಪಂಗಡದವರ ಮಾತು ಕೇಳಲು ಶಾಸ್ತ್ರಸಮ್ಮತವೆಂದೇ ತೋರುತ್ತದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನ ಛಲವನ್ನು ಓದಿ ತಲೆದೂಗುವ ನಾವು ರನ್ನನನ್ನೇ ಛಲದಂಕಮಲ್ಲನೆಂದು ಭ್ರಮಿಸುವುದಿಲ್ಲ. ಪಾತ್ರವು ಬೇರೆ, ಕವಿಯು ಬೇರೆ. ಆದರೆ ರ್ಯಾಪ್ ಕಾವ್ಯದಲ್ಲಿ ಈ ಭೇದವು ಇಷ್ಟು ಸರಳವಾಗಿ ನಿಲ್ಲದು. ಇಲ್ಲಿ ‘ನಾನು’ ಎಂದವನು ತನ್ನ ಊರು, ತನ್ನ ತಂದೆ, ತನ್ನ ಗಾಯ ಎಂದು ಹೆಸರಿಟ್ಟು ಹೇಳುತ್ತಾನೆ. ಇದು ನಿಜವೆಂಬ ನಂಬಿಕೆಯ ಬಲದಿಂದಲೇ ಅವನ ಮಾತು ನಮ್ಮನ್ನು ತಟ್ಟುತ್ತದೆ. ನಿಜದ ಹೆಸರಿನಲ್ಲಿ ನಮ್ಮ ಕಣ್ಣೀರನ್ನು ಪಡೆದವನು, ಪ್ರಶ್ನೆ ಬಂದಾಗ ಮಾತ್ರ ಅದು ಪಾತ್ರದ ಮಾತು ಎಂದು ಹಿಂದೆ ಸರಿಯುವುದು ನ್ಯಾಯವಲ್ಲ. ಸಾಲ ಪಡೆಯುವಾಗ ಒಂದು ಹೆಸರು, ತೀರಿಸುವಾಗ ಇನ್ನೊಂದು ಹೆಸರು ಆಗಬಾರದು.

ಎರಡನೆಯವರ ಮಾತಿನಲ್ಲಿ ನೀತಿಯ ಬಿಸಿಯುಂಟು, ವಿವೇಕ ಸಾಲದು. ದೋಷವಿಲ್ಲದವರು ಮಾತ್ರವೇ ನೀತಿಯನ್ನು ಹೇಳಬೇಕೆಂದರೆ ಲೋಕದ ಕಾವ್ಯಭಂಡಾರದಲ್ಲಿ ಬಹುಭಾಗವು ಮೌನವಾಗುವುದು. ಬಿದ್ದವನು ಬಿದ್ದ ಸ್ಥಳವನ್ನು ತೋರಿಸಿದರೆ ಹಿಂದೆ ಬರುವವರಿಗೆ ಅದು ಉಪಕಾರವೇ ಸರಿ. ಅಲ್ಲದೆ ಅಸಂಗತಿಯೆಲ್ಲವೂ ಕಾವ್ಯದೋಷವಲ್ಲ. ಅಸಂಗತಿಯನ್ನೇ ವಸ್ತುವನ್ನಾಗಿ ಮಾಡಿಕೊಂಡು ಕವಿಯು ಗೆಲ್ಲಬಹುದು. ಲಮಾರನ ೨೦೧೫ರ ‘ದಿ ಬ್ಲ್ಯಾಕರ್ ದಿ ಬೆರಿ’ ಎಂಬ ಹಾಡು ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಮಾತನಾಡುವವನು ಬಿಳಿಯರ ಜನಾಂಗದ್ವೇಷದ ವಿರುದ್ಧ ಕೆಂಡ ಕಾರುತ್ತಾನೆ. ಆದರೆ ನಡುನಡುವೆ ತನ್ನನ್ನು ತಾನೇ ಕಪಟಿಯೆಂದು ಕರೆದುಕೊಳ್ಳುತ್ತಾನೆ. ಏಕೆಂಬುದು ಕೊನೆಯಲ್ಲಿಯೇ ಬಯಲಾಗುತ್ತದೆ. ೨೦೧೨ರಲ್ಲಿ ಫ್ಲಾರಿಡಾದಲ್ಲಿ ಗುಂಡಿಗೆ ಬಲಿಯಾದ ಟ್ರೇವನ್ ಮಾರ್ಟಿನ್ ಎಂಬ ಬಾಲಕನಿಗಾಗಿ ಅತ್ತ ಈ ಮನುಷ್ಯನು, ಪುಂಡುಗಾರಿಕೆಯ ಹಗೆಯಲ್ಲಿ ತನಗಿಂತಲೂ ಕಪ್ಪಾದ ಒಬ್ಬನನ್ನು ತಾನೇ ಕೊಂದವನು. ಹೊರಗಿನ ಕೊಲೆಗಾರನಿಗಿತ್ತ ಶಾಪವು ಹೀಗೆ ಕಟ್ಟಕಡೆಯಲ್ಲಿ ತಿರುಗಿ ಶಪಿಸಿದವನ ಮೇಲೆಯೇ ಬೀಳುತ್ತದೆ. ಇದಕ್ಕೂ ಆಕ್ಷೇಪಣೆ ಹುಟ್ಟದೆ ಇರಲಿಲ್ಲ. ಕಪ್ಪು ಜನರ ಒಳಜಗಳವನ್ನು ಮುಂದೊಡ್ಡಿ ಬಿಳಿಯರ ಅಪರಾಧವನ್ನು ಹಗುರ ಮಾಡಿದನೆಂದು ಕೆಲವರು ಮುನಿದರು. ಆದರೂ ಅಸಂಗತಿಯು ಇಲ್ಲಿ ಮರೆಯಲ್ಲಿಲ್ಲ, ಹಾಡಿನ ಬೆನ್ನೆಲುಬಾಗಿಯೇ ನಿಂತಿದೆ ಎಂಬುದನ್ನು ಒಪ್ಪಲೇಬೇಕು.

ಮೂರನೆಯವರ ವಾದವೇ ಎಲ್ಲಕ್ಕಿಂತ ಸೂಕ್ಷ್ಮವಾದುದು, ಎಲ್ಲಕ್ಕಿಂತ ಅಪಾಯಕರವಾದುದೂ ಅಹುದು. ತಪ್ಪನ್ನು ಒಪ್ಪಿಕೊಳ್ಳುವುದು ಒಂದು; ಒಪ್ಪಿಕೊಂಡೆನೆಂಬುದನ್ನೇ ರಹದಾರಿಯನ್ನಾಗಿ ಮಾಡಿಕೊಂಡು ಮುನ್ನಡೆಯುವುದು ಮತ್ತೊಂದು. ಮೊದಲನೆಯದು ಪಶ್ಚಾತ್ತಾಪ, ಎರಡನೆಯದು ಸೌಕರ್ಯ. ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಹೇಗೆ? ಕವಿಯ ಅಂತರಂಗವನ್ನು ನಾವು ಹೊಕ್ಕು ನೋಡಲಾರೆವು. ಆದರೆ ಕೃತಿಯು ನಮ್ಮ ಮುಂದಿದೆ. ಆ ಕೃತಿಯನ್ನು ಎರಡು ಪ್ರಶ್ನೆಗಳಿಂದ ಪರೀಕ್ಷಿಸಬಹುದೆಂದು ನಮಗೆ ತೋರುತ್ತದೆ. ಕವಿಯ ತಪ್ಪಿಗೆ ಕೃತಿಯೊಳಗೇ ಒಬ್ಬ ನ್ಯಾಯಾಧೀಶನಿದ್ದಾನೆಯೇ ಎಂಬುದು ಮೊದಲನೆಯ ಪ್ರಶ್ನೆ. ಆ ತಪ್ಪಿನಿಂದ ನೊಂದವರಿಗೆ ಅಲ್ಲಿ ಕುಳಿತು ಮಾತನಾಡಲು ಒಂದು ಪೀಠವುಂಟೇ ಎಂಬುದು ಎರಡನೆಯದು. ಈ ಸಂಪುಟದ ಏಳುಬೀಳುಗಳು ಈ ಎರಡು ಪ್ರಶ್ನೆಗಳಿಂದಲೇ ಸ್ಪಷ್ಟವಾಗುತ್ತವೆ.

ಮೊದಲಿಗೆ ‘ಆಂಟೀ ಡೈರೀಸ್’ ಎಂಬ ಹಾಡನ್ನು ನೋಡೋಣ. ಹೆಣ್ಣೆಂದು ಬೆಳೆದು ಗಂಡಾಗಿ ಬಾಳತೊಡಗಿದ ಹಿರಿಯರೊಬ್ಬರು, ಗಂಡೆಂದು ಬೆಳೆದು ಹೆಣ್ಣಾಗಿ ಬಾಳತೊಡಗಿದ ಬಂಧುವೊಬ್ಬಳು, ಇವರಿಬ್ಬರ ಕಥೆಯನ್ನು ಕವಿಯು ಬಾಲ್ಯದ ನೆನಪಾಗಿ ಹೇಳುತ್ತಾನೆ. ಆ ಬಂಧುವನ್ನು ಪಾದ್ರಿಯು ಸಭೆಯಲ್ಲಿಯೇ ಹೀನೈಸಿದಾಗ ಕವಿಯು ಎದ್ದುನಿಂತು, ಮತಕ್ಕಿಂತ ಮನುಷ್ಯತ್ವವು ದೊಡ್ಡದೆಂಬ ಪಕ್ಷವನ್ನು ಹಿಡಿಯುತ್ತಾನೆ. ಆದರೆ ಇದೇ ಹಾಡಿನಲ್ಲಿ ಅಂಥವರನ್ನು ಹೀಯಾಳಿಸುವ ಬೈಗುಳವನ್ನು ಅವನೇ ಹಲವು ಸಲ ಉಚ್ಚರಿಸುತ್ತಾನೆ. ಅವರು ತೊರೆದ ಹಳೆಯ ಹೆಸರನ್ನೂ ಹೇಳುತ್ತಾನೆ. ಇದರಿಂದ ಅಂಥ ಕೇಳುಗರಲ್ಲಿಯೇ ಭಿನ್ನಾಭಿಪ್ರಾಯವಾಯಿತು. ನಮ್ಮ ಕಥೆಯನ್ನು ಇಷ್ಟು ದೊಡ್ಡ ಕವಿಯೊಬ್ಬನು ಪ್ರೀತಿಯಿಂದ ಹೇಳಿದನಲ್ಲಾ ಎಂದು ಕೆಲವರು ಕಣ್ದುಂಬಿದರು. ನಮ್ಮನ್ನು ಇರಿಯುವ ಮಾತನ್ನು ಆಡದೆ ನಮ್ಮ ಮೇಲಿನ ಪ್ರೀತಿಯನ್ನು ಹೇಳಲಾಗದೆ ಎಂದು ಮತ್ತೆ ಕೆಲವರು ಕೇಳಿದರು.

ಎರಡನೆಯವರ ನೋವು ನಿಜವಾದುದು. ಆದರೂ ಹಾಡಿನ ಕೊನೆಯನ್ನು ಲಕ್ಷಿಸಬೇಕು. ೨೦೧೮ರ ಮೇ ತಿಂಗಳಲ್ಲಿ ಅಲಬಾಮಾ ಪ್ರಾಂತದ ಒಂದು ಉತ್ಸವದಲ್ಲಿ ಲಮಾರನು ಬಿಳಿಯ ಹುಡುಗಿಯೊಬ್ಬಳನ್ನು ವೇದಿಕೆಗೆ ಕರೆದು ತನ್ನ ಹಾಡನ್ನು ಹಾಡಿಸಿದನು. ಹಾಡಿನಲ್ಲಿದ್ದ, ಕಪ್ಪು ಜನರನ್ನು ಹೀಯಾಳಿಸುವ ಪದವನ್ನು ಅವಳು ಇದ್ದಂತೆಯೇ ಹಾಡಿದಳು. ಅವನು ಅವಳನ್ನು ತಡೆದು ನಿಲ್ಲಿಸಿದನು; ಜನರು ಅವಳ ಮೇಲೆ ಕೂಗಾಡಿದರು. ‘ಆಂಟೀ ಡೈರೀಸ್’ ಮುಗಿಯುವಾಗ ಆ ಬಂಧುವೇ ಈ ಪ್ರಸಂಗವನ್ನು ಕವಿಯ ಎದುರಿಗೆ ಹಿಡಿಯುತ್ತಾಳೆ. ನಿನ್ನ ಜನರನ್ನು ಚುಚ್ಚುವ ಮಾತು ಆ ಹುಡುಗಿಯ ಬಾಯಲ್ಲಿ ಸಲ್ಲದೆಂದರೆ, ನನ್ನಂಥವರನ್ನು ಚುಚ್ಚುವ ಮಾತು ನಿನ್ನ ಬಾಯಲ್ಲಿ ಸಲ್ಲುವುದೇ ಎಂಬುದು ಅವಳ ಪ್ರಶ್ನೆಯ ತಾತ್ಪರ್ಯ. ಕವಿಯ ಬಳಿ ಉತ್ತರವಿಲ್ಲ. ಹಾಡು ಅಲ್ಲಿಗೆ ನಿಲ್ಲುತ್ತದೆ. ನೊಂದವಳ ಮಾತೇ ಕಡೆಯ ಮಾತಾಗಿ, ತೀರ್ಪಿನಂತೆ ಉಳಿಯುತ್ತದೆ. ನಮ್ಮ ಎರಡು ಪ್ರಶ್ನೆಗಳಿಗೂ ಇಲ್ಲಿ ಸಮಾಧಾನಕರವಾದ ಉತ್ತರವಿದೆ. ತನ್ನ ಕಪಟವನ್ನು ತಾನೇ ಕೊಂಡಾಡಿಕೊಳ್ಳದೆ, ಇನ್ನೊಬ್ಬರ ಮಾತಿನಿಂದ ಸೋತು ಮೌನವಾದುದೇ ಈ ಹಾಡಿನ ಗೆಲುವು.

‘ಮದರ್ ಐ ಸೋಬರ್’ ಎಂಬ ಹಾಡಿಗೆ ಬಂದಾಗ ಪ್ರಶ್ನೆಯು ಗಂಭೀರವಾಗುತ್ತದೆ. ಸಂಪುಟದಲ್ಲಿ ಅತ್ಯಂತ ಆಳವಾದ ಹಾಡು ಇದೇ ಎಂದರೆ ಅತಿಶಯೋಕ್ತಿಯಾಗದು. ಬಾಲಕನಾಗಿದ್ದಾಗ ಬಂಧುವೊಬ್ಬನು ಕೆಟ್ಟ ರೀತಿಯಲ್ಲಿ ನಿನ್ನನ್ನು ಮುಟ್ಟಿದನೇ ಎಂದು ಮನೆಯವರು ಮತ್ತೆಮತ್ತೆ ಕೇಳಿದುದು, ಇಲ್ಲವೆಂದರೂ ಅವರು ನಂಬದೆ ಹೋದುದು, ಆ ಶಂಕೆಯ ಹಿಂದೆ ತಾಯಿಯು ತಾನೇ ಅನುಭವಿಸಿದ ಅತ್ಯಾಚಾರವು ಅವಿತುಕೊಂಡಿದ್ದುದು, ಇವನ್ನು ಕವಿಯು ಏರುದನಿಯಿಲ್ಲದೆ ಹೇಳುತ್ತಾನೆ. ಗುಲಾಮಗಿರಿಯ ಕಾಲದಿಂದ ಕಪ್ಪು ಜನರ ಮೈಯಲ್ಲಿ ಉಳಿದ ಗಾಯವು ತಲೆಮಾರಿನಿಂದ ತಲೆಮಾರಿಗೆ ಇಳಿದು, ನೊಂದವರು ನೋಯಿಸುವವರಾಗುತ್ತಾರೆಂಬುದು ಹಾಡಿನ ದರ್ಶನ. ಕೊನೆಯಲ್ಲಿ ಸಂಗಾತಿಯ ದನಿ ಕೇಳಿಬರುತ್ತದೆ. ಕುಲದ ಶಾಪವನ್ನು ನೀನು ಮುರಿದೆ ಎಂದು ಅವಳು ಅವನನ್ನು ಮೆಚ್ಚುತ್ತಾಳೆ. ಕೇಳುವವರ ಎದೆ ತುಂಬಿಬರುತ್ತದೆ.

ಆದರೆ ಇದೇ ಸಂಪುಟದಲ್ಲಿ ಕೊಡಾಕ್ ಬ್ಲ್ಯಾಕ್ ಎಂಬ ಇನ್ನೊಬ್ಬ ರ್ಯಾಪ್ ಗಾಯಕನ ದನಿ ಹಲವೆಡೆ ಕೇಳಿಸುತ್ತದೆ. ‘ರಿಚ್’ ಎಂಬ ನಡುವಣ ಭಾಗವಂತೂ ಪೂರ್ತಿಯಾಗಿ ಅವನ ಮಾತಿಗೇ ಮೀಸಲು. ಸೌತ್ ಕ್ಯಾರೊಲೈನಾ ಪ್ರಾಂತದಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳ ಮೇಲೆ ೨೦೧೬ರಲ್ಲಿ ಲೈಂಗಿಕ ದೌರ್ಜನ್ಯವನ್ನೆಸಗಿದನೆಂಬ ಆರೋಪವು ಅವನ ಮೇಲಿತ್ತು. ೨೦೨೧ರಲ್ಲಿ ಅವನು ಅದಕ್ಕಿಂತ ಕೆಳದರ್ಜೆಯದಾದ ಹಲ್ಲೆಯ ಅಪರಾಧವನ್ನು ಒಪ್ಪಿಕೊಂಡನು. ನ್ಯಾಯಾಲಯವು ಸೆರೆವಾಸವನ್ನು ತಡೆಹಿಡಿದು ಹದಿನೆಂಟು ತಿಂಗಳ ನಿಗಾವಣೆಯನ್ನು ವಿಧಿಸಿತು. ಅತ್ಯಾಚಾರದ ಗಾಯವನ್ನು ಕುರಿತು ಇಷ್ಟು ಕರುಣೆಯಿಂದ ಹಾಡಿದ ಕೃತಿಯಲ್ಲಿಯೇ ಈತನಿಗೆ ಗೌರವದ ಪೀಠವೇ ಎಂಬುದು ಅನೇಕ ಅಭಿಮಾನಿಗಳ, ಅದರಲ್ಲಿಯೂ ಹೆಂಗಸರ, ಆಕ್ಷೇಪಣೆಯಾಯಿತು.

ಸಮರ್ಥಕರ ಉತ್ತರವನ್ನು ನಾವು ನ್ಯಾಯವಾಗಿಯೇ ಎತ್ತಿಹೇಳಬೇಕು. ಕೊಡಾಕ್ ಬ್ಲ್ಯಾಕ್ ಬಡತನದಲ್ಲಿ ಬೆಳೆದವನು. ನೊಂದವನೇ ನೋಯಿಸುವವನಾಗುತ್ತಾನೆಂಬ ತತ್ತ್ವಕ್ಕೆ ಅವನೊಂದು ಜೀವಂತ ದೃಷ್ಟಾಂತ. ಪತಿತನನ್ನು ಹೊರಗೆ ಹಾಕುವುದು ಸುಲಭ; ಒಳಗೆ ಕರೆದು ಕೂರಿಸಿ ಅವನೂ ಮನುಷ್ಯನೆಂದು ಹೇಳುವುದಕ್ಕೆ ಧೈರ್ಯ ಬೇಕು. ಲಮಾರನು ಮಾಡಿರುವುದು ಇದನ್ನೇ ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಪತಿತನನ್ನು ಎಂದೆಂದಿಗೂ ಪತಿತನೆಂದೇ ಸಾರುವ ನೀತಿಯನ್ನು ನಾವೂ ಒಪ್ಪಲಾರೆವು.

ಆದರೆ ನಮ್ಮ ಎರಡನೆಯ ಪ್ರಶ್ನೆಗೆ ಈ ಉತ್ತರವು ತಲುಪುವುದೇ ಇಲ್ಲ. ದೌರ್ಜನ್ಯದ ಪ್ರಕರಣವೊಂದರಲ್ಲಿ ಇಬ್ಬರಿರುತ್ತಾರೆ. ಒಬ್ಬನನ್ನು ಕೃತಿಯು ಬರಮಾಡಿಕೊಂಡಿದೆ, ಅವನಿಗೆ ತನ್ನ ಕಷ್ಟವನ್ನು ಹೇಳಿಕೊಳ್ಳಲು ಅವಕಾಶವನ್ನಿತ್ತಿದೆ. ಇನ್ನೊಬ್ಬಳ ಪೀಠವು ಬರಿದಾಗಿದೆ. ಅವಳ ಹೆಸರು ಬೇಕಿಲ್ಲ. ಅವಳ ನೆರಳಾದರೂ ಬೀಳಬಹುದಾಗಿತ್ತು. ಅವನು ಮಾಡಿದುದೇನೆಂಬುದನ್ನು ಅವನ ಬಾಯಿಂದಾಗಲಿ ಕವಿಯ ಬಾಯಿಂದಾಗಲಿ ನಾವು ಕೇಳುವುದಿಲ್ಲ. ಕೊಡಾಕನ ಬಡತನವನ್ನು ಕೇಳುತ್ತೇವೆ, ಅವನ ತಪ್ಪನ್ನು ಕೇಳುವುದಿಲ್ಲ. ತಪ್ಪೇ ಇಲ್ಲದ ಮೇಲೆ ಕ್ಷಮೆಯಾದರೂ ಯಾವುದಕ್ಕೆ? ಕವಿಯ ತಾಯಿಯ ನೋವು ಹಾಡಿನಲ್ಲಿ ಬಂದಿದೆ, ನಿಜ. ಆದರೆ ಅದನ್ನು ಹೇಳುವವನು ಮಗನು. ಅದು ಮಗನ ಮುಕ್ತಿಗೆ ಮೆಟ್ಟಿಲಾಗಿ ಬರುತ್ತದೆ. ಸಂಪುಟದುದ್ದಕ್ಕೂ ಹೆಂಗಸರ ದನಿಗಳು ಹೆಚ್ಚಾಗಿ ಗಂಡಸಿನ ಗಾಯಕ್ಕೆ ಮದ್ದು ಹಚ್ಚಲು ಬಂದವು. ಕರುಣೆಯು ಒಂದೇ ದಿಕ್ಕಿಗೆ ಹರಿದಾಗ ಅದು ಪಕ್ಷಪಾತವಾಗುತ್ತದೆ. ಸಂಪುಟದ ದೊಡ್ಡ ದೋಷವಿದು. ನೀತಿದೋಷವಾಗಿರುವುದರಿಂದಲೇ ಇದು ಕಾವ್ಯದೋಷವೂ ಅಹುದು. ತಲೆಮಾರುಗಳ ಗಾಯವನ್ನು ಪೂರ್ತಿಯಾಗಿ ತೋರಿಸುತ್ತೇನೆಂದು ಹೊರಟ ಕೃತಿಯು ಗಾಯದ ಅರ್ಧವನ್ನೇ ಮುಚ್ಚಿಟ್ಟಿದೆ.

ಆ ಪೀಠವನ್ನು ಕೊಡುವ ಶಕ್ತಿ ಕವಿಗಿರಲಿಲ್ಲವೆಂದೂ ಹೇಳುವಂತಿಲ್ಲ. ‘ವಿ ಕ್ರೈ ಟುಗೆದರ್’ ಎಂಬ ಹಾಡಿನಲ್ಲಿ ಟೇಲರ್ ಪೇಜ್ ಎಂಬ ನಟಿಯೊಡನೆ ಗಂಡುಹೆಣ್ಣಿನ ಜಗಳವೊಂದನ್ನು ಅವನು ಬೀದಿಯ ಮಾತಿನಲ್ಲಿಯೇ ನಿರೂಪಿಸಿದ್ದಾನೆ. ಸಂಸ್ಕಾರವಂತರ ಕಿವಿಗೆ ಆ ಭಾಷೆಯು ಅಸಹ್ಯವಾಗಬಹುದು. ಆದರೆ ಅದರೊಳಗೆ ಹೆಣ್ಣು ಗಂಡಿಗೆ ಸರಿಸಮನಾಗಿ ನಿಂತು ಆಪಾದಿಸುತ್ತಾಳೆ. ಬಾಲಿಕೆಯರ ಮೇಲೆ ದೌರ್ಜನ್ಯವೆಸಗಿದ ಗಾಯಕ ಆರ್. ಕೆಲಿಯಂಥವನಿಗೆ ತನ್ನ ತಪ್ಪು ಕಾಣದೆ ಹೋದುದಕ್ಕೆ ನಿನ್ನಂಥ ಗಂಡಸರೇ ಕಾರಣರೆಂದು ಅವಳು ಹೇಳಿದಾಗ, ನೀನೂ ಅವನ ಹಾಡುಗಳನ್ನು ಕೇಳುವುದನ್ನು ಬಿಟ್ಟಿಲ್ಲವಲ್ಲಾ ಎಂದು ಅವನು ಮರುನುಡಿಯುತ್ತಾನೆ. ಈ ಒಂದು ಮರುನುಡಿಯಲ್ಲಿ ಕವಿಯು ತನ್ನ ಕೇಳುಗರ ಮುಂದೆಯೂ ಕನ್ನಡಿಯನ್ನು ಹಿಡಿದಿದ್ದಾನೆ. ಹಾಡಿನ ಅಸಂಗತಿಯನ್ನು ಎಣಿಸುವ ಅಭಿಮಾನಿಗಳು ತಮ್ಮ ಅಸಂಗತಿಯನ್ನೂ ಎಣಿಸಬೇಕಲ್ಲವೆ?

ಈ ದೋಷವು ಲಮಾರನೊಬ್ಬನದೇ ಅಲ್ಲ. ಹೆಣ್ಣನ್ನು ಎತ್ತಿಹಿಡಿಯುವ ‘ಕೀಪ್ ಯಾ ಹೆಡ್ ಅಪ್’ ಎಂಬ ಮನೋಹರವಾದ ಹಾಡನ್ನು ಟುಪಾಕ್ ಶಕೂರ್ ೧೯೯೩ರ ಅಕ್ಟೋಬರಿನಲ್ಲಿ ಹೊರತಂದನು. ಮುಂದಿನ ತಿಂಗಳೇ ಹೆಣ್ಣೊಬ್ಬಳ ಮೇಲಿನ ದೌರ್ಜನ್ಯದ ಆರೋಪದಲ್ಲಿ ಬಂಧಿತನಾದನು. ತಾನು ನಿರಪರಾಧಿಯೆಂದು ಅವನು ಹೇಳುತ್ತಲೇ ಇದ್ದರೂ ೧೯೯೪ರ ಕೊನೆಯಲ್ಲಿ ಜ್ಯೂರಿಯು ಅವನನ್ನು ದೋಷಿಯೆಂದು ನಿರ್ಣಯಿಸಿತು. ಕಾಂಪ್ಟನ್ನಿನ ಹಿರಿಯನೇ ಆದ ಡಾಕ್ಟರ್ ಡ್ರೇ ೧೯೯೧ರಲ್ಲಿ ಡೀ ಬಾರ್ನ್ಸ್ ಎಂಬ ದೂರದರ್ಶನದ ನಿರೂಪಕಿಯನ್ನು ಹೊಡೆದನು. ತಾನು ನೋಯಿಸಿದ ಹೆಂಗಸರಿಗೆ ಬಹಿರಂಗವಾಗಿ ಕ್ಷಮೆ ಕೇಳಿದುದು ೨೦೧೫ರಲ್ಲಿ. ಇಪ್ಪತ್ತನಾಲ್ಕು ವರ್ಷ ಕೇಳುಗರು ಆ ಪೀಠವು ಬರಿದಾಗಿಯೇ ಇರಲೆಂದು ಬಿಟ್ಟಿದ್ದರು.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಹಿಪ್‌ಹಾಪಿನ ನೀತಿಯನ್ನು ತೆಗಳುವವರೆಲ್ಲರೂ ನೊಂದ ಹೆಣ್ಣಿನ ಪಕ್ಷದವರೆಂದು ತಿಳಿಯುವುದು ಭ್ರಾಂತಿ. ೧೯೯೦ರಲ್ಲಿ ಫ್ಲಾರಿಡಾದ ಸರಕಾರಿ ವಕೀಲರು ‘ಟೂ ಲೈವ್ ಕ್ರೂ’ ಎಂಬ ತಂಡದವರನ್ನು ಅಶ್ಲೀಲತೆಗಾಗಿ ನ್ಯಾಯಾಲಯಕ್ಕೆಳೆದರು. ಆಗ ಹೆನ್ರಿ ಲೂಯಿಸ್ ಗೇಟ್ಸ್ ಎಂಬ ಕಪ್ಪು ವಿದ್ವಾಂಸರು ಸಾಕ್ಷಿ ನುಡಿದು, ಕಪ್ಪು ಜನರ ಹಾಸ್ಯಪರಂಪರೆಯನ್ನು ತಿಳಿಯದೆ ಇದನ್ನು ತೀರ್ಮಾನಿಸಬಾರದೆಂದರು. ತಂಡವು ಬಿಡುಗಡೆಯಾಯಿತು. ಆ ಸಂದರ್ಭವನ್ನು ಕುರಿತು ಬರೆದ ಕಿಂಬರ್ಲೆ ಕ್ರೆನ್‌ಷಾ ಎಂಬ ನ್ಯಾಯಶಾಸ್ತ್ರಜ್ಞೆಯು, ಕಪ್ಪು ಗಾಯಕರನ್ನೇ ಆರಿಸಿ ಶಿಕ್ಷಿಸುವುದು ಜನಾಂಗದ್ವೇಷವೆಂದೂ, ಆದರೆ ಇದು ನಮ್ಮ ಜನರ ಹಾಸ್ಯವೆಂದು ನಕ್ಕುಬಿಡುವುದು ಕಪ್ಪು ಹೆಂಗಸಿಗೆ ದ್ರೋಹವೆಂದೂ, ಎರಡು ಮಾತನ್ನೂ ಒಟ್ಟಿಗೆ ಹೇಳಿದರು. ಬೆಲ್ ಹುಕ್ಸ್ ಎಂಬ ಲೇಖಕಿಯು ೧೯೯೪ರಲ್ಲಿ, ಈ ಹಾಡುಗಳ ಸ್ತ್ರೀದ್ವೇಷವು ಕಪ್ಪು ಕೇರಿಯ ಬೆಳೆಯಲ್ಲ, ಅಮೆರಿಕಾ ಸಮಾಜವೆಲ್ಲವೂ ಬಿತ್ತಿದ ಬೆಳೆಯೆಂದು ತೋರಿಸಿಕೊಟ್ಟರು. ಹೊರಗಿನವರ ದ್ವೇಷಕ್ಕೂ ಒಳಗಿನವರ ಜಾಣಕುರುಡಿಗೂ ಏಕಕಾಲದಲ್ಲಿ ಎದುರುನಿಂತ ಈ ಲೇಖಕಿಯರ ವಿವೇಕವೇ ಈ ವಿಷಯದಲ್ಲಿ ನಮಗೆ ದಾರಿದೀಪ. ಹಾಡುಗಾರರ ಸಾಲಿನಲ್ಲಿಯೂ ಕ್ವೀನ್ ಲತೀಫಾ ೧೯೯೩ರ ‘ಯೂನಿಟಿ’ ಎಂಬ ಹಾಡಿನಲ್ಲಿ ಹೆಣ್ಣನ್ನು ಹೀನಹೆಸರಿನಿಂದ ಕರೆಯುವವರನ್ನು ನೇರವಾಗಿ ತಡೆದು ಪ್ರಶ್ನಿಸಿದಳು. ಹಿಪ್‌ಹಾಪಿನ ಅಸಂಗತಿಯನ್ನು ಮೊದಲು ಕಂಡು ಹೇಳಿದವರಲ್ಲಿ ಹಿಪ್‌ಹಾಪಿನ ಹೆಂಗಸರೂ ಇದ್ದರೆಂಬುದನ್ನು ಮರೆಯಲಾಗದು.

ಸಂಪುಟವು ಬಂದ ಎರಡು ವರ್ಷಗಳ ಮೇಲೆ ಈ ಚರ್ಚೆಗೆ ವಿಚಿತ್ರವಾದ ಒಂದು ಉತ್ತರಕಾಂಡವು ಸೇರಿತು. ೨೦೨೪ರ ವಸಂತದಲ್ಲಿ ಲಮಾರನಿಗೂ ಕೆನಡಾ ದೇಶದ ಗಾಯಕ ಡ್ರೇಕನಿಗೂ ಪದ್ಯಸಮರವು ನಡೆಯಿತು. ಡ್ರೇಕನು ಎಳೆಯ ಹುಡುಗಿಯರ ಬೇಟೆಗಾರನೆಂದು ಲಮಾರನೂ, ಲಮಾರನು ಮನೆಯ ಹೆಣ್ಣನ್ನು ಹೊಡೆದವನೆಂದು ಡ್ರೇಕನೂ ಹಾಡಿದರು. ಡ್ರೇಕನು ತನ್ನ ಮೇಲಿನ ಆರೋಪವನ್ನು ಅಲ್ಲಗಳೆದನು. ಈ ಆರೋಪಗಳಾವುವೂ ನ್ಯಾಯಾಲಯದಲ್ಲಿ ಸಿದ್ಧವಾದುವಲ್ಲ. ಆದರೂ ಅಭಿಮಾನಿಗಳು ಪಂದ್ಯದಲ್ಲಿ ಅಂಕಗಳನ್ನೆಣಿಸುವಂತೆ ಅವನ್ನು ಎಣಿಸಿದರು. ಮೇ ೪ರಂದು ಬಂದ ‘ನಾಟ್ ಲೈಕ್ ಅಸ್’ ಎಂಬ ಹಾಡು ಗೆಲುವಿನ ಕಹಳೆಯಾಯಿತು. ಜೂನ್ ೧೯ರಂದು ಕ್ಯಾಲಿಫೋರ್ನಿಯಾದ ಇಂಗಲ್‌ವುಡ್ಡಿನಲ್ಲಿ ನಡೆದ ಕಚೇರಿಯಲ್ಲಿ ಲಮಾರನು ಅದನ್ನು ಐದು ಸಲ ಹಾಡಿದನು. ಅಂದು ಆ ವೇದಿಕೆಯ ಮೇಲೆ ಡಾಕ್ಟರ್ ಡ್ರೇಯೂ ಇದ್ದನು. ಹೆಣ್ಣುಮಕ್ಕಳಿಗೆ ಕೇಡು ಬಗೆದವನೆಂದು ಒಬ್ಬನನ್ನು ಹಳಿಯುವ ಹಾಡಿಗೆ, ಹೆಣ್ಣನ್ನು ಹೊಡೆದ ಇನ್ನೊಬ್ಬನು ಜೊತೆಯಾಗಿ ನಿಂತನು. ನೆರೆದ ಜನರು ಕೇಕೆ ಹಾಕಿದರು. ೨೦೨೫ರ ಫೆಬ್ರವರಿ ೨ರಂದು ಆ ಹಾಡಿಗೆ ಐದು ಗ್ರ್ಯಾಮಿ ಪಾರಿತೋಷಕಗಳು ದೊರೆತುವು. ಮುಂದಿನ ಭಾನುವಾರ ನ್ಯೂ ಆರ್ಲಿಯನ್ಸಿನ ಸೂಪರ್ ಬೌಲ್ ಪಂದ್ಯದ ನಡುವೆ ಅದನ್ನು ಕೋಟ್ಯಂತರ ಜನರು ಕೇಳಿದರು.

ಆ ಹಾಡಿನ ಲಯದ ಬಲವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಅಲ್ಲಿ ಆದುದೇನೆಂಬುದನ್ನು ಮಾತ್ರ ವಿಚಾರಿಸಬೇಕು. ಬಾಲಿಕೆಯರ ಸಂಕಟವು ಗಂಡಸರಿಬ್ಬರ ಕಾಳಗದಲ್ಲಿ ಆಯುಧವಾಯಿತು. ಆಯುಧವಾದುದಕ್ಕೆ ಬಾಯಿಲ್ಲ. ೨೦೨೨ರ ಸಂಪುಟದಲ್ಲಿ ಬರಿದಾಗಿದ್ದ ಪೀಠವು ೨೦೨೪ರ ಹಾಡಿನಲ್ಲಿಯೂ ಬರಿದಾಗಿಯೇ ಉಳಿಯಿತು. ಮೊದಲು ತಪ್ಪಿತಸ್ಥನ ಮೇಲಿನ ಕರುಣೆಗಾಗಿ, ಆಮೇಲೆ ಎದುರಾಳಿಯ ಮೇಲಿನ ಹಗೆಗಾಗಿ. ಕೊಡಾಕನನ್ನು ಅಪ್ಪಿಕೊಂಡವನೇ ಡ್ರೇಕನನ್ನು ಹಳಿದನೆಂಬುದು ಹೊರಗೆ ಕಾಣುವ ಅಸಂಗತಿ. ಒಳಹೊಕ್ಕು ನೋಡಿದರೆ ಎರಡರಲ್ಲಿಯೂ ಇರುವ ಸಂಗತಿ ಒಂದೇ: ನೊಂದವಳು ಎರಡು ಕಡೆಯೂ ಗೈರುಹಾಜರಿ.

ಅಭಿಮಾನಿಗಳ ಪಾಲೂ ಇದರಲ್ಲಿ ಕಿರಿದಲ್ಲ. ಮೆಗನ್ ದಿ ಸ್ಟಾಲಿಯನ್ ಎಂಬ ಗಾಯಕಿಯ ಕಾಲಿಗೆ ೨೦೨೦ರ ಜುಲೈನಲ್ಲಿ ಗುಂಡೇಟು ಬಿದ್ದಿತು. ಹೊಡೆದವನು ಟೋರಿ ಲೇನ್ಜ್ ಎಂಬ ಗಾಯಕನೆಂದು ಜ್ಯೂರಿಯು ನಿರ್ಣಯಿಸಿದ್ದು ೨೦೨೨ರ ಡಿಸೆಂಬರಿನಲ್ಲಿ. ಮರುವರ್ಷ ಅವನಿಗೆ ಹತ್ತು ವರ್ಷಗಳ ಸೆರೆಯಾಯಿತು. ಈ ನ್ಯಾಯಕ್ಕಾಗಿ ಕಾದ ಎರಡೂವರೆ ವರ್ಷಗಳಲ್ಲಿ ಅವಳ ಗಾಯವನ್ನೇ ಸುಳ್ಳೆಂದು ಹಾಸ್ಯಮಾಡಿದ ಕೇಳುಗರು ಸಾವಿರಾರು. ತಮ್ಮ ಮೆಚ್ಚಿನ ಗಾಯಕನ ವಿಷಯ ಬಂದಾಗ ಕಲೆಯೇ ಬೇರೆ ಎನ್ನುವುದು, ಎದುರು ಪಕ್ಷದವನ ವಿಷಯ ಬಂದಾಗ ನೀತಿಯೇ ಮುಖ್ಯವೆನ್ನುವುದು, ಇದು ವಿಮರ್ಶೆಯಲ್ಲ, ಪಕ್ಷಗಾರಿಕೆ. ಒಂದೇ ಅಳತೆಗೋಲಿನಿಂದ ಇಬ್ಬರನ್ನೂ ಅಳೆಯಲಾರದವನಿಗೆ ಕವಿಯ ಕಪಟವನ್ನು ಕುರಿತು ಮಾತನಾಡುವ ಹಕ್ಕು ಬಹಳ ಕಡಿಮೆ.

ಹಾಗಾದರೆ ಈ ಸಂಪುಟವನ್ನು ಕೇಳಬೇಕೇ, ಬಿಡಬೇಕೇ? ಕೇಳಬೇಕೆಂದೇ ನಮ್ಮ ಅಭಿಪ್ರಾಯ. ‘ಆಂಟೀ ಡೈರೀಸ್’ ಮತ್ತು ‘ಮದರ್ ಐ ಸೋಬರ್’ ಹಾಡುಗಳಂತೆ ಮನುಷ್ಯನ ಒಳಗನ್ನು ತೋಡಿದ ರಚನೆಗಳು ಈ ಕಾಲದ ಜನಪ್ರಿಯ ಸಂಗೀತದಲ್ಲಿ ವಿರಳ. ದೋಷವುಂಟೆಂದು ಕೃತಿಯನ್ನು ಬಿಸುಡುವುದೂ, ಗುಣವುಂಟೆಂದು ದೋಷವನ್ನು ಮುಚ್ಚುವುದೂ ಸಹೃದಯತೆಯಲ್ಲ. ಮನೆಯ ಮಕ್ಕಳು ಇಂಥ ಹಾಡುಗಳನ್ನು ಕೇಳುತ್ತಿದ್ದರೆ ಗದರಿಸಿ ಕಿತ್ತುಕೊಳ್ಳುವುದರಿಂದ ಫಲವಿಲ್ಲ. ಬೈಗುಳದ ಮಾತುಗಳನ್ನು ಎಣಿಸಿ ಅಸಹ್ಯಪಡುವುದರಿಂದಲೂ ಫಲವಿಲ್ಲ. ಪಕ್ಕದಲ್ಲಿ ಕುಳಿತು, ಈ ಹಾಡಿನಲ್ಲಿ ಮಾತನಾಡುತ್ತಿರುವವರು ಯಾರು, ಮಾತನಾಡಬೇಕಾಗಿದ್ದೂ ಮಾತನಾಡದೆ ಇರುವವರು ಯಾರು ಎಂದು ಅವರನ್ನು ಕೇಳಬಹುದು. ಆ ಪ್ರಶ್ನೆಯನ್ನು ಕೇಳಲು ಕಲಿತ ಮಗುವು ನಾಳೆ ನಮ್ಮ ಹಳಗನ್ನಡದ ಕಾವ್ಯವನ್ನು ಓದುವಾಗಲೂ ಅದನ್ನು ಮರೆಯಲಾರದು. ಅಲ್ಲಿಯೂ ಬರಿದಾದ ಪೀಠಗಳು ಇಲ್ಲದೆ ಇಲ್ಲ.

ತಪ್ಪೊಪ್ಪಿಗೆಯು ಕಾವ್ಯಕ್ಕೆ ಒಳ್ಳೆಯ ವಸ್ತು. ಆದರೆ ಅದರ ಬೆಲೆಯನ್ನು ತಪ್ಪು ಮಾಡಿದವನೇ ತೆರಬೇಕು, ತಪ್ಪಿಗೆ ಗುರಿಯಾದವರು ತೆರುವಂತಾಗಬಾರದು. ಕೆಂಡ್ರಿಕ್ ಲಮಾರನು ಒಂದು ಹಾಡಿನಲ್ಲಿ ಆ ಬೆಲೆಯನ್ನು ತಾನೇ ತೆತ್ತು ದೊಡ್ಡ ಕವಿಯಾದನು. ಇನ್ನೊಂದೆಡೆ ಅದನ್ನು ಹೆಸರಿಲ್ಲದ ಹುಡುಗಿಯೊಬ್ಬಳ ಲೆಕ್ಕಕ್ಕೆ ಬರೆದನು. ಎರಡನ್ನೂ ಕಂಡು ಹೇಳುವುದು ವಿಮರ್ಶಕನ ಧರ್ಮ. ಹೇಳಿದ ಮೇಲೂ ಒಳ್ಳೆಯ ಹಾಡನ್ನು ಕೇಳುತ್ತಿರುವುದು ರಸಿಕನ ಧರ್ಮ.